ಮಾವನ ಎರಡು ಸೀಟಿ

ನನ್ನ ಮಾವನ ಎದೆಯ ನಡುವೆ, ಬಿಳಿ ರೋಮದೊಳಗೆ, ಹುಣಸೆಬೀಜದಷ್ಟು ಒಂದು ಕಪ್ಪು ಕಲೆ ಇತ್ತು. ಕಂಡಕ್ಟರನ ಸೀಟಿ ನೇತಾಡಿ ಉಜ್ಜಿ ಉಜ್ಜಿ ಆದದ್ದು. ಕುಂದಾಪುರ–ಬೈಂದೂರು ಬಸ್ಸಿನಲ್ಲಿ ಆಯುಷ್ಯವೆಲ್ಲ ಕಳೆದವರು. ಕಣ್ಣಿನ ಒತ್ತಡ ಏರಿ ಎರಡೂ ಕಣ್ಣು ಹೋದ ಮೇಲೆ ಕೆಲಸ ಬಿಟ್ಟರು, ಸೀಟಿ ಬಿಡಲಿಲ್ಲ. ಸ್ನಾನಕ್ಕೂ ಬಿಚ್ಚುತ್ತಿರಲಿಲ್ಲ. ಚಾ ಬೇಕಾದರೆ ಊದು, ರೇಡಿಯೋ ನಿಂತರೆ ಊದು. ನಾನು ಈ ಮನೆಗೆ ಸೊಸೆಯಾಗಿ ಬಂದವಳು ಮಾವ, ನಿಮ್ಮ ಬಸ್ಸು ಹತ್ತಿದವಳಲ್ಲ ಅಂತ ಎಷ್ಟು ಸಲ ಹೇಳಿದ್ದೇನೋ! ಕೇಳಿದರೆ ತಾನೆ?

ಸಾಲಿಗ್ರಾಮದ ನಮ್ಮ ಮನೆಯಲ್ಲಿ ಆಗ ಕಂಪ್ಯೂಟರ್ ಅಂತ ಇದ್ದದ್ದು ನನ್ನ ಹೊಟ್ಟೆಪಾಡಿಗೆ. ವಕೀಲರ ಕಾಗದಪತ್ರ ಟೈಪು ಮಾಡಿಕೊಡುತ್ತಿದ್ದೆ. ಫೋನಿನ ವೈರು ಮೋಡೆಮ್ಮಿಗೆ ಚುಚ್ಚಿ, ಅದು ಕಿರ್ರೋ ಅಂತ ಅರಚಿ, ಪುಣ್ಯವಿದ್ದರೆ ಇಂಟರ್ನೆಟ್ ಸಿಗುವ ಕಾಲ ಅದು. ಈಗಿನವರಿಗೆ ಹೇಳಿದರೆ ನಗುತ್ತಾರೆ.

ಮಾವನಿಗೆ ಇಂಟರ್ನೆಟ್ ಯಾಕೆ ಬೇಕಾಯಿತು ಅಂದರೆ ಅವರ ಡ್ರೈವರಿಗಾಗಿ. ಬ್ರಹ್ಮಾವರ ಕಡೆಯವರು. ಇಬ್ಬರೂ ಒಂದೇ ಬಸ್ಸಿನಲ್ಲಿ ತಲೆ ಹಣ್ಣು ಮಾಡಿಕೊಂಡವರು. ಡ್ರೈವರಿಗೆ ಗಂಟಲಲ್ಲಿ ಗಡ್ಡೆಯಾಗಿ ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಪುಣೆಯಲ್ಲಿ ಮಗಳ ಮನೆಯಲ್ಲಿದ್ದರು. ಫೋನು ಮಾಡಿದರೆ ಮಾವ ಒಬ್ಬರೇ ಮಾತಾಡಬೇಕು, ಆಚೆ ಕಡೆ ಬರೀ ಉಸಿರು. ಕೊನೆಗೆ ಮಗಳು ಅಪ್ಪನಿಗೆ ಈಮೇಲ್ ಕಲಿಸಿದಳು. ಡ್ರೈವರು ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಕನ್ನಡ ಟೈಪು ಮಾಡುವುದು, ಇಲ್ಲಿ ಕಂಪ್ಯೂಟರಿನಲ್ಲಿ ಅಕ್ಷರ ಓದಿ ಹೇಳುವ ಪ್ರೋಗ್ರಾಮಿನ ಪರದೇಶಿ ಗಂಡಸೊಬ್ಬ ಅದನ್ನು ಮೂಗಿನಲ್ಲಿ ಓದುವುದು, ಮಾವ ಕಿವಿ ಕೊಟ್ಟು ಕೂತು ತೊಡೆ ತಟ್ಟಿ ನಗುವುದು. ನನಗೆ ಅದರಲ್ಲಿ ಒಂದು ಶಬ್ದವೂ ತಿಳಿಯುತ್ತಿರಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಉಹುಂ. ಎಲ್ಲ ತಾನೇ ಮಾಡಬೇಕು. ಕೀಲಿಗಳ ಗುರುತಿಗೆ ನನ್ನ ಹಣೆಯ ಟಿಕ್ಲಿಗಳನ್ನು ತೆಗೆದು ಅಂಟಿಸಿಕೊಂಡರು. ಮದುವೆಗೆ ಹೊರಟು ನಿಂತರೆ ಡಬ್ಬಿಯಲ್ಲಿ ಒಂದೂ ಇಲ್ಲ! ಫೋನನ್ನೇ ಕಂಪ್ಯೂಟರಿನ ಪಕ್ಕ ಒಳಕೋಣೆಗೆ ತರಿಸಿದರು. ಅತ್ತೆ ಚಾವಡಿಯಲ್ಲಿ ಕೂತು ಮಾತಾಡುವವರು, ಅವರಿಗಾಗಿ, ಫೋನು ಅಲ್ಲಿಯವರೆಗೂ ಹೋಗುವಂತೆ, ನಾನು ಹಾಳು ಉದ್ದದ ವೈರು ತಂದು ಹಾಕಿದೆ. ಆ ವೈರಿಗೆ ಎಡವದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ.

ಮೋಡೆಮ್ಮಿನ ಅರಚಾಟಕ್ಕೆ ಮಗು ಬೆಚ್ಚಿ ಏಳುತ್ತಿತ್ತು. ಅದರ ಸದ್ದು ಬಂದ್ ಮಾಡುತ್ತೇನೆ ಅಂದೆ.

“ಸದ್ದ್ ಬಂದ್ ಮಾಡಿರೆ ಲೈನ್ ಸಿಕ್ಕಿದ್ದ್ ನಂಗೆ ಹ್ಯಾಂಗೆ ಗೊತ್ತಾಪ್ದ್? ನೀ ಪರದೆ ಕಾಂತೆ. ನಂಗೆ ಕಾಂತಿಲ್ಲೆ.”

ಕುಂದಾಪುರದ ಕಂಪ್ಯೂಟರ್ ಅಂಗಡಿಯಲ್ಲಿ ಕೇಳಿದಾಗ ಒಂದು ಸಿ.ಡಿ. ಕೊಟ್ಟರು. ಅದರೊಳಗಿನ ಪ್ರೋಗ್ರಾಮಿನಲ್ಲಿ ಮೋಡೆಮ್ಮು ನಂಬರು ತಿರುಗಿಸುವಾಗ, ಲೈನು ಸಿಕ್ಕಾಗ, ಸಿಗದಾಗ, ಕಡಿದುಹೋದಾಗ ನಮಗೆ ಬೇಕಾದ ಬೇರೆ ಬೇರೆ ಸದ್ದು ಹಾಕಬಹುದಂತೆ. ಚಂದದ ಗಂಟೆ, ವೀಣೆ, ಹಕ್ಕಿ ಎಲ್ಲ ಕೇಳಿಸಿದೆ. ಮಾವ ಮೂಗು ಮುರಿದು, “ಎಂತದಾ ಇದ್, ದೇವಸ್ಥಾನವಾ? ಆ ಮೈಕ್ ಇತ್ಲಾಗ್ ಕೊಡ್” ಅಂದರು.

ಆ ದಿನ ನಾನು ಪಟ್ಟ ಪಾಡು ಬೇಡ. ಇಡೀ ಮನೆ ಉಸಿರು ಬಿಗಿಹಿಡಿಯಬೇಕು. ಕಾಗೆ ಕೂಗಿದರೆ ಮತ್ತೆ ಮೊದಲಿಂದ. ಮೀನಿನವನ ಹಾರ್ನ್ ಕೇಳಿದರೆ ಮತ್ತೆ ಮೊದಲಿಂದ. ಕಡೆಗೆ ರೆಕಾರ್ಡಾದದ್ದು ಇಷ್ಟು. ನಂಬರು ತಿರುಗಿಸುವಾಗ ಎರಡು ಸೀಟಿ, ಅಂದರೆ ರೈಟ್, ಹೊರಡು. ಲೈನು ಸಿಕ್ಕಾಗ “ಬೈಂದೂರ್, ಬೈಂದೂರ್! ಇಳುವವ್ರ್ ಮುಂದೆ ಬನಿ!” ಸಿಗದಿದ್ದರೆ “ಹತ್ಬೇಡಿ, ಹತ್ಬೇಡಿ! ಬಸ್ ಫುಲ್ಲ್! ಹಿಂದಿನ್ ಬಸ್ಸಿಗೆ ಬನಿ!” ನಡುವೆ ಕಡಿದರೆ ಒಂದು ಉದ್ದ ಸೀಟಿ. ಎಲ್ಲವೂ ಹೆದ್ದಾರಿಗೆ ಕೇಳುವಷ್ಟು ಜೋರು. ಮೋಡೆಮ್ಮಿನ ಕಿರುಚಾಟವೇ ಸುಖವಾಗಿತ್ತು ದೇವರೇ ಅನ್ನಿಸಿತು.

ನನ್ನ ತಂದೆ ಬೈಂದೂರಿನಿಂದ ಮೊಮ್ಮಗುವನ್ನು ನೋಡಲು ಬಂದರು. ಸೂಕ್ಷ್ಮ ಮನಸ್ಸಿನವರು, ಕರೆಯದೆ ಯಾರ ಮನೆಗೂ ಹೋಗುವವರಲ್ಲ. ಹಲಸಿನ ಹಣ್ಣು ಹೊತ್ತು ಮೆಟ್ಟಿಲ ಮೇಲೆ ಕಾಲಿಟ್ಟದ್ದೇ ತಡ, ಒಳಗಿಂದ ಬೀಗರ ಗಂಟಲು: “ಹತ್ಬೇಡಿ, ಹತ್ಬೇಡಿ! ಹಿಂದಿನ್ ಬಸ್ಸಿಗೆ ಬನಿ!” ಅಪ್ಪ ಹಣ್ಣು ಅಲ್ಲೇ ಇಟ್ಟು ತಿರುಗಿ ನಡೆದರು. ನಾನು ಗೇಟಿನವರೆಗೆ ಓಡಿ, ಕೈ ಹಿಡಿದು, ಅದು ಇಂಟರ್ನೆಟ್ಟಪ್ಪ ಅಂತ ಅಂಗಲಾಚಬೇಕಾಯಿತು. ಇಂಟರ್ನೆಟ್ಟಿಗೆ ಬೀಗರ ದನಿ ಯಾಕೆ ಬಂತು ಅಂತ ಅಪ್ಪ. ಏನು ಹೇಳಲಿ? ಮಾವನಿಗೆ ತಿಳಿಸಿದಾಗ ಅವರು, “ಬಸ್ ಫುಲ್ಲಿದ್ರೂ ಬೀಗ್ರಿಗೆ ಜಾಗ ಮಾಡ್ವ, ಬನಿ, ಕೂಕಣಿ” ಅಂದು ನಕ್ಕುಬಿಟ್ಟರು. ಅಪ್ಪನೂ ನಕ್ಕರು. ನಗು ಬಾರದವಳು ನಾನೊಬ್ಬಳೇ.

“ಆ ಸೀಟಿ ನಿಲ್ಸಿ ಮಾವಾ!” ಅಡುಗೆಮನೆಯಿಂದ ದಿನಾ ಕೂಗುತ್ತಿದ್ದೆ. ನಿಲ್ಲಿಸಿದ್ದಿಲ್ಲ.

ಒಂದು ಮಳೆಗಾಲ ಡ್ರೈವರ ಈಮೇಲುಗಳು ನಿಂತವು. ಮಾವ ದಿನಾ ಲೈನು ಹಾಕಿ ಹಾಕಿ ನೋಡಿದರು. ಆಮೇಲೆ ಒಂದು ಮಧ್ಯಾಹ್ನ ನನ್ನನ್ನು ಸೀಟಿ ಊದಿ ಕರೆಯದೆ, ಮೆಲ್ಲಗೆ ದನಿ ಮಾಡಿ ಕರೆದರು. ಅದಕ್ಕೇ ನನಗೆ ಹೆದರಿಕೆಯಾದದ್ದು.

“ಹ್ವಾಯ್, ಇದನ್ನ ನೀನೇ ಓದ್ ಕಾಂಬ. ಈ ಯಂತ್ರದವ್ನ್ ಹೇಳುದ್ ಸಮ ಇತ್ತಾ ಕಾಣ್.”

ಓದಿದೆ. ಡ್ರೈವರು ಬರೆದದ್ದು: ಗಂಟಲಿನ ಗಡ್ಡೆ ಮತ್ತೆ ಬಂದಿದೆ. ಇನ್ನೊಂದು ಆಪರೇಷನ್ ಆದರೆ ಉಳಿಯಬಹುದು, ಬೇಗ ಆಗಬೇಕು ಅಂತ ಡಾಕ್ಟರು ಹೇಳಿದ್ದಾರೆ. ಕೊನೆಯಲ್ಲಿ ಬರೆದಿದ್ದರು: “ನಂಗೆ ಸಾಕಾಯ್ತ್ ಕಂಡಕ್ಟ್ರೆ. ಬಸ್ ಇಲ್ಲೇ ನಿಲ್ಸ್‌ತೆ.”

ಅವರಿಗೆ ನಾಲ್ಕು ಧೈರ್ಯದ ಮಾತು ಬರೆಯುವ, ನೀವು ಹೇಳಿ, ನಾನು ಟೈಪು ಮಾಡುತ್ತೇನೆ ಅಂದೆ.

“ಬರುದ್ ಎಂತಕೆ? ಆ ರೈಟ್ ಕಳ್ಸ್.”

“ಎಂತ ರೈಟ್?”

“ಆ ಎರಡ್ ಸೀಟಿ ಇತ್ತಲ್ಲ ಮಾರಾಯ್ತಿ, ಅದ್ ಕಳ್ಸ್.”

ನನಗೆ ತಲೆ ಕೆಟ್ಟಿತು. ಮನುಷ್ಯ ಸಾಯುತ್ತೇನೆ ಅನ್ನುತ್ತಿದ್ದಾನೆ, ಇವರಿಗೆ ಸೀಟಿಯ ಹುಚ್ಚು! ಬಾಯಿಬಿಟ್ಟು ಹಾಗೆಯೇ ಅಂದೆ. ಮಾವ ಸಿಟ್ಟಾಗಲಿಲ್ಲ. ಕಾಣದ ಕಣ್ಣನ್ನು ನನ್ನ ದನಿಯ ಕಡೆ ತಿರುಗಿಸಿ ಹೇಳಿದರು:

“ಕಾಣ್ ಹೆಣ್ಣೆ. ಬಸ್ಸಿನ್ ಹಿಂದೆ ಎಂತ ಇತ್ ಅಂದೇಳಿ ಡ್ರೈವರಿಗೆ ಕಾಂತಿಲ್ಲೆ. ಯಾರ್ ಹತ್ರ್, ಯಾರ್ ಇಳ್ದ್ರ್, ಅವ್ನಿಗೆ ಗೊತ್ತಿಲ್ಲೆ. ನಾ ರೈಟ್ ಅಂದ್ರೆ ಅವ ಹೊರ್ಟ. ಒಂದಿನವೂ ತಿರ್ಗಿ ಎಂತಕೆ ಅಂದೇಳಿ ಕೇಂಡವ ಅಲ್ಲ. ಈಗ ಅವ ನಂಗೆ ಬರ್ದದ್ದ್ ಎಂತಕೆ? ರೈಟಿಗೆ ಕಾಯ್ತಾ ಇದ್ದ.”

ಕಳಿಸಲು ಕೂತೆ. ಮಳೆ ಹೊಯ್ಯುತ್ತಿತ್ತು. ಎರಡು ಸೀಟಿ, ಹೊರಟೆವು. ಬಸ್ ಫುಲ್ಲ್. ಮತ್ತೆ ಎರಡು ಸೀಟಿ. ಬೈಂದೂರು ಬಂತು, ಸೀಟಿಯ ಫೈಲು ಅರ್ಧ ಹೋಯಿತು, ಉದ್ದ ಸೀಟಿ, ಲೈನು ಕಡಿಯಿತು. ಮತ್ತೆ. ಮತ್ತೆ. ಒಲೆಯ ಮೇಲೆ ಹಾಲು ಉಕ್ಕಿತು, ವಕೀಲರ ಕೆಲಸ ಬಾಕಿಯಾಯಿತು, ಮಗು ಅತ್ತಿತು. ಸಾಕು, ನಾಳೆ ನೋಡುವ ಅಂದರೆ ಮಾವ ನನ್ನ ಕುರ್ಚಿಯ ಹಿಂದಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಬಸ್ಸಿನಲ್ಲಿ ನಿಂತ ಹಾಗೆಯೇ ನಿಂತಿದ್ದರು. ಶಾಪ ಹಾಕುತ್ತ ಹಾಕುತ್ತ ಒತ್ತಿದೆ. ಕತ್ತಲಾಗುವ ಮುಂಚೆ ಹೋಯಿತು.

ಮರುದಿನ ಉತ್ತರ ಬಂತು. ಒಂದೇ ಮಾತು: “ಹೊರ್ಟೆ.”

ಹೊರಟರು, ಆಪರೇಷನ್ ಆಯಿತು, ಉಳಿದರು. ನನ್ನ ಮಾವ ಅದರ ನಂತರ ಊರಲ್ಲೆಲ್ಲ ಎದೆಯುಬ್ಬಿಸಿ ಹೇಳಿಕೊಂಡು, ನನ್ನ ಕಿವಿ ಇನ್ನಷ್ಟು ತೂತು ಮಾಡಿದರು.

ಮೊದಲು ಹೋದವರು ಮಾವನೇ. ಯಾರಿಗೂ ಸೂಚನೆ ಕೊಡಲಿಲ್ಲ. ಬೆಳಿಗ್ಗೆ ಗಂಜಿ ಉಂಡು, ಗೋಡೆಗೆ ಒರಗಿದವರು ಒರಗಿದಂತೆಯೇ ಇದ್ದರು. ಅವರನ್ನು ಚಾವಡಿಯಲ್ಲಿ ಮಲಗಿಸಿದ್ದರು. ಜನ ಸೇರಿ, ಚಟ್ಟ ಕಟ್ಟಿ ಆದ ಮೇಲೆ ನನಗೆ ಡ್ರೈವರ ನೆನಪಾಯಿತು. ಒಳಕೋಣೆಗೆ ಹೋಗಿ ಪುಣೆಗೆ ಫೋನು ಮಾಡಿದೆ. ಮಗಳು ಅಪ್ಪನ ಕೈಗೆ ಕೊಟ್ಟಳು. ಹೇಳಿದೆ. ಆಚೆ ಬರೀ ಉಸಿರು. ಏನಾದರೂ ಅನ್ನಿ ಅಂತ ಕಿರುಚಬೇಕು ಅನ್ನಿಸಿತು. ಅನ್ನಲು ಅವರಲ್ಲಿ ಏನಿದೆ? ರಿಸೀವರು ಎಲ್ಲೋ ತಾಗಿದ ಸದ್ದು, ಕುರ್ಚಿ ಎಳೆದ ಸದ್ದು. ಕಂಪ್ಯೂಟರಿನ ಕೀಲಿ ಒತ್ತಿದ ಸದ್ದು.

ಆಮೇಲೆ ಫೋನಿನೊಳಗೆ ಎರಡು ಸೀಟಿ. ನಮ್ಮ ಮಾವನದೇ. ನಾನು ಆ ಮಳೆಯಲ್ಲಿ ಕಳಿಸಿದ್ದು.

ಅಷ್ಟು ಹೊತ್ತು ಬಾರದ ಅಳು ಆಗ ಬಂತು. “ಒಂದ್ ನಿಮಿಷ, ಇಡ್ಬೇಡಿ” ಅಂತ ಕೂಗಿ, ಫೋನನ್ನೇ ಎತ್ತಿಕೊಂಡು, ಆ ಹಾಳು ಉದ್ದದ ವೈರನ್ನು ಎಳೆದುಕೊಂಡು ಚಾವಡಿಗೆ ಬಂದೆ. ಹೊರುವವರು ಬಗ್ಗಿದ್ದರು. ಯಾರೋ, “ಹೊತ್ತಾತ್ ಮರ್ರೆ, ಎತ್ತುವ” ಅಂದರು. ಸ್ವಲ್ಪ ತಡೆಯಿರಿ ಅಂತ ಅವರ ಮೇಲೆ ಹಾರಿಬಿದ್ದೆ. ರಿಸೀವರನ್ನು ಮಾವನ ಕಿವಿಗೆ ಹಿಡಿದೆ.

“ಹ್ವಾಯ್, ಇನ್ನೊಂದ್ಸಲ ಹಾಕಿ” ಅಂತ ಬಗ್ಗಿ ಡ್ರೈವರಿಗೆ ಹೇಳಿದೆ.

ಎರಡು ಸೀಟಿ ಕೇಳಿಸಿತು. ಆಮೇಲೆಯೇ ನಾನು ಅವರನ್ನು ಎತ್ತಲು ಬಿಟ್ಟದ್ದು.