ಹೆಬ್ಬೆಟ್ಟಿಗೆ ಪ್ರವೇಶವಿಲ್ಲ

ಕೊರೊನಾದಿಂದ ಎಂಟು ತಿಂಗಳು ಬಾಗಿಲು ಹಾಕಿದ್ದ ನಮ್ಮ ಶಾಲೆಯನ್ನು ಹತ್ತನೇ ತರಗತಿಯವರಿಗೆ ಮಾತ್ರ ತೆರೆಯಬಹುದು ಎಂದು ಸುತ್ತೋಲೆ ಬಂದ ದಿನವೇ ನಾವು ಒಂದು ಸಮಿತಿ ಮಾಡಿದೆವು. ಹಾಸನದಲ್ಲಿ ಕನ್ಯಾಸ್ತ್ರೀಯರು ನಡೆಸುವ ಶಾಲೆ ನಮ್ಮದು. ಅಲ್ಲಿ ನಲ್ಲಿ ರಿಪೇರಿಗೂ ಒಂದು ಸಮಿತಿಯಿದೆ, ಪ್ರತಿ ಸಮಿತಿಗೂ ಮೊದಲೊಂದು ಪ್ರಾರ್ಥನೆಯಿದೆ. ಹದಿನೆಂಟು ವರ್ಷದಿಂದ ಕನ್ನಡ ಪಾಠ ಹೇಳುತ್ತಿದ್ದ ನನ್ನನ್ನು ಪತ್ರ ವ್ಯವಹಾರಕ್ಕೆ ಹಾಕಿದರು. ಕನ್ನಡ ಮೇಷ್ಟ್ರಿಗೆ ಬೇರೇನು ತಾನೇ ಬರುತ್ತದೆ.

ಮೊದಲ ಚರ್ಚೆ ಪವಿತ್ರ ಜಲದ್ದು. ಚರ್ಚಿನ ಫಾದರ್ ಬಂದು ಪ್ರತಿ ಕೋಣೆಗೂ ಅದನ್ನು ಚಿಮುಕಿಸಿ ಆಶೀರ್ವದಿಸಬೇಕು. ಪಂಪು ಹೊತ್ತವರು ಬಂದು ಅದೇ ಕೋಣೆಗೆ ಬ್ಲೀಚಿಂಗ್ ನೀರು ಹೊಡೆಯಬೇಕು. ಯಾವುದು ಮೊದಲು? ಆಶೀರ್ವಾದದ ಮೇಲೆ ಬ್ಲೀಚಿಂಗ್ ಹೊಡೆದರೆ ದೇವರ ಮೇಲೆ ನಂಬಿಕೆ ಸಾಲದು ಎಂದಾಗುತ್ತದೆ, ಬ್ಲೀಚಿಂಗ್ ಮೇಲೆ ಆಶೀರ್ವದಿಸಿದರೆ ಬ್ಲೀಚಿಂಗ್ ಮೇಲೆ. ಮುಕ್ಕಾಲು ಗಂಟೆ ಮಾತಾಡಿದೆವು. ಕೊನೆಗೆ ಇಬ್ಬರೂ ಒಂದೇ ದಿನ ಬಂದರು. ಫಾದರ್ ಮುಂದೆ, ಪಂಪಿನವನು ಹಿಂದೆ, ಇಬ್ಬರ ಹಿಂದೆ ಕೆಮ್ಮುತ್ತಾ ನಾವು.

ಆಮೇಲೆ ವೃತ್ತಗಳು. ಅರಕಲಗೂಡಿನ ನಮ್ಮ ಪಿ.ಟಿ. ಮೇಷ್ಟ್ರು ಲಾಂಗ್ ಜಂಪಿನ ಟೇಪು ಹಿಡಿದು, ಎಂಬತ್ತಾರು ಮಕ್ಕಳಿಗೆ ಆರಾರು ಅಡಿಗೊಂದು ವೃತ್ತ ಎಂದು ಅಳೆಯುತ್ತಾ ಹೋದವರು ಗೇಟು ದಾಟಿ, ರಸ್ತೆ ದಾಟಿ, ಎದುರಿನ ಬೇಕರಿಯ ಮುಂದೆ ನಿಂತರು.

"ಕಡೇ ಐಕ್ಳು ಬೇಕರಿ ಒಳಗೇ ನಿಂತ್ಕಬೇಕಾಯ್ತದೆ ಸಾ," ಎಂದು ಅಲ್ಲಿಂದಲೇ ಕೂಗಿ ಹೇಳಿದರು. "ಬೇಜಾರೇನ್ ಮಾಡ್ಕಳಲ್ಲ ಬುಡಿ."

ಕೊನೆಗೆ ಸಾಲನ್ನು ಚಕ್ಕುಲಿಯ ಹಾಗೆ ಸುತ್ತಿಸಿ ಅಂಗಳದಲ್ಲೇ ಮುಗಿಸಿದರು. ಮಾತೆ ಮರಿಯಮ್ಮನ ಮೂರ್ತಿಗೂ ಹಗ್ಗದ ಬೇಲಿ ಬಂತು. ನಮ್ಮ ಮಕ್ಕಳಲ್ಲಿ ಮುಕ್ಕಾಲು ಪಾಲು ಮನೆಯಲ್ಲಿ ಗಣಪತಿಗೆ ಗರಿಕೆ ಇಡುವವರು. ಆದರೂ ಪರೀಕ್ಷೆಯ ದಿನ ಆ ತಾಯಿಯ ಕಾಲು ಮುಟ್ಟದೆ ಒಳಗೆ ಬರುವವರಲ್ಲ. ಇನ್ನು ಅವಳಿಗೂ ಆರಡಿ ದೂರದಿಂದಲೇ ನಮಸ್ಕಾರ.

ನನ್ನ ಬುದ್ಧಿವಂತಿಕೆ ಬೆಳಗಿದ್ದು ಮೂರನೆಯ ಸಭೆಯಲ್ಲಿ. ಮಗುವನ್ನು ಶಾಲೆಗೆ ಕಳಿಸಲು ಪೋಷಕರ ಒಪ್ಪಿಗೆ ಪತ್ರ ಕಡ್ಡಾಯ ಎಂದು ಸುತ್ತೋಲೆಯಲ್ಲಿತ್ತು. ಹೊಳೆನರಸೀಪುರದ ರಸ್ತೆಯ ಹಳ್ಳಿಗಳಿಂದ, ಚನ್ನರಾಯಪಟ್ಟಣದ ಕಡೆಯಿಂದ ಬರುವ ಕೆಲವು ಮಕ್ಕಳ ಮನೆಯವರು ಹೆಬ್ಬೆಟ್ಟು ಒತ್ತುವವರು. ನಾನು ಎದ್ದು ನಿಂತು, "ಸಿಸ್ಟರ್, ಎಲ್ಲರೂ ಒಂದೇ ಸ್ಟ್ಯಾಂಪ್ ಪ್ಯಾಡಿಗೆ ಬೆರಳು ಒತ್ತಿದರೆ ಈ ಆರಡಿಗೆಲ್ಲ ಏನು ಅರ್ಥ?" ಎಂದೆ. ಲಸಿಕೆಯನ್ನೇ ಕಂಡುಹಿಡಿದವನನ್ನು ನೋಡುವಂತೆ ಎಲ್ಲರೂ ನನ್ನನ್ನು ನೋಡಿದರು.

ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಮಂಗಳೂರಿನ ಕಡೆಯವರು. "ಹೌದಲ್ಲ ಸರ್, ಇದು ನಮ್ಮ ತಲೆಗೇ ಹೋಗ್ಲಿಲ್ಲ ನೋಡಿ," ಎಂದರು. ತೀರ್ಮಾನವಾಯಿತು. ಸಹಿ ಮಾತ್ರ, ಅದೂ ತರಗತಿಯ ಮೇಷ್ಟ್ರ ಎದುರಿಗೇ. ಮುಂದಿನ ವಾರ ಬಿಟ್ಟು ಅದರಾಚೆಯ ಶನಿವಾರ ಕೊನೆಯ ದಿನ. ಅಷ್ಟರಲ್ಲಿ ಪತ್ರ ಕೊಡದವರ ಮಕ್ಕಳ ವಿಷಯ ಆಮೇಲೆ ನೋಡೋಣ. ಸ್ಟ್ಯಾಂಪ್ ಪ್ಯಾಡು ಬೀರುವಿನೊಳಗೆ ಹೋಗಿ ಬೀಗ ಬಿತ್ತು.

ನೋಟೀಸು ಬರೆದವನು ನಾನೇ. 'ಸಹಿ ಮಾತ್ರ. ಹೆಬ್ಬೆಟ್ಟಿನ ಗುರುತು ಸ್ವೀಕರಿಸುವುದಿಲ್ಲ.' ಅಕ್ಷರಗಳು ದುಂಡಗೆ ಬಂದಿದ್ದವು. ಓದಲು ಬಾರದವರಿಗೆಂದು ಬರೆದದ್ದನ್ನು ಓದುವವರು ಯಾರು ಎಂಬ ಪ್ರಶ್ನೆ ಆರು ಪದವೀಧರರಿದ್ದ ಸಮಿತಿಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಗೇಟಿಗೆ ಅದನ್ನು ಅಂಟಿಸುವಾಗ ಅಂಟಿನ ಬಟ್ಟಲು ಹಿಡಿದಿದ್ದವಳು ನಮ್ಮ ಆಯಮ್ಮ. ಬೆಲ್ಲು ಹೊಡೆಯುವುದು, ನೆಲ ಒರೆಸುವುದು, ನಮಗೆ ಟೀ ಕಾಯಿಸುವುದು ಎಲ್ಲ ಅವಳೇ. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳು, ನನ್ನದೇ ಹತ್ತನೇ ತರಗತಿಯಲ್ಲಿದ್ದಳು.

"ಏನಂತ ಬರ್ದಿದೀರಿ ಸಾ?" ಎಂದಳು. ನಾನು ಗಂಟಲು ಸರಿಮಾಡಿಕೊಂಡು ಓದಿ ಹೇಳಿದೆ.

ಬಟ್ಟಲು ಕೆಳಗಿಟ್ಟಳು. "ಅಂಗಾರೆ ನನ್ ಮಗಳು?"

ದಿನಾ ಬೆಳಗ್ಗೆ ಹಾಜರಿ ಪುಸ್ತಕದಲ್ಲಿ ನಾನು ಸಹಿ ಹಾಕಿದ ಕೆಳಗೆ ಅವಳ ಹೆಬ್ಬೆಟ್ಟಿನ ನೀಲಿ ಗುರುತು ಬೀಳುತ್ತಿತ್ತು. ಅಷ್ಟು ವರ್ಷ ಅದನ್ನು ನೋಡಿಯೂ ನೋಟೀಸು ಬರೆಯುವಾಗ ನನಗೆ ಅವಳ ನೆನಪಾಗಿರಲಿಲ್ಲ.

"ಎಂಟ್ ತಿಂಗ್ಳಿಂದ ಮನೇಲೇ ಅವ್ಳೆ ಸಾ. ಪಕ್ಕದ್ಮನೆ ಉಡ್ಗೀರೆಲ್ಲ ಗಾರ್ಮೆಂಟ್ಸ್‌ಗೆ ಓಯ್ತಾವ್ರೆ, ನಾನೂ ಓಯ್ತೀನಿ ಅಂತ ಕುಂತವ್ಳೆ. ಬಾಗ್ಲು ತೆಗ್ದ ಮೊದಲ್ನೇ ದಿನ ಇವ್ಳು ಬರ್ಲಿಲ್ಲ ಅಂದ್ರೆ ಆಮ್ಯಾಕೆ ಬರಾಕಿಲ್ಲ. ನಂಗೊತ್ತು." ಬಟ್ಟಲು ಮತ್ತೆ ಎತ್ತಿಕೊಂಡು, "ಅದ್ಯಾವ ಪುಣ್ಯಾತ್ಮಂಗೆ ಒಳೀತೋ ಸಾ ಇದು," ಎಂದಳು.

"ಸಮಿತಿಗೆ," ಎಂದೆ. ಸಮಿತಿಗಳಿರುವುದೇ ಇದಕ್ಕೆ.

ಸಿಸ್ಟರ್ ಕೋಣೆ ಅಲ್ಲಿಂದ ಮೂವತ್ತು ಹೆಜ್ಜೆ. ಹೋಗಿ, ನಾನು ಹೇಳಿದ್ದು ತಪ್ಪಾಯಿತು ಎನ್ನಬಹುದಿತ್ತು. ಆದರೆ ಹೊಗಳಿಸಿಕೊಂಡು ಇನ್ನೂ ಎರಡು ದಿನ ಕಳೆದಿರಲಿಲ್ಲ, ಅದರ ರುಚಿ ಬಾಯಲ್ಲೇ ಇತ್ತು. ಅದಕ್ಕೇ ದೊಡ್ಡ ಮನಸ್ಸು ಮಾಡಿ, "ಸಹಿ ಕಲಿಯಮ್ಮ, ನಾನು ಹೇಳಿಕೊಡ್ತೀನಿ," ಎಂದೆ. ಮಗಳ ಹತ್ತಿರವೇ ಕಲಿಯಬಾರದೇಕೆ ಎಂದರೆ, ಅವಳು ನಗುತ್ತಾಳೆ ಎಂದಳು.

ಪಾಠ ಶುರುಮಾಡಲು ಅವಳ ಹೆಸರು ಬೇಕಿತ್ತು. ನನಗೆ ಗೊತ್ತಿರಲಿಲ್ಲ. ಸಿಸ್ಟರಿಗೂ ಮಕ್ಕಳಿಗೂ ನನಗೂ ಅವಳು ಆಯಮ್ಮ, ಅಷ್ಟೇ. ಕೇಳಿದಾಗ ಅವಳೂ ಒಂದು ಗಳಿಗೆ ತಡೆದೇ ಹೇಳಿದಳು. ಮೂರಕ್ಷರದ ಹೆಸರು, ಚೆನ್ನಾಗಿತ್ತು.

ಅಕ್ಷರ ಕಲಿಸುವುದೆಂದರೆ ನಮ್ಮಲ್ಲಿ ಕೈ ಹಿಡಿದು ತಿದ್ದಿಸುವುದು. ಅದಕ್ಕೆ ಆರಡಿ ಅಡ್ಡ ಬಂತು. ಮಧ್ಯಾಹ್ನ ಬೆಂಚುಗಳನ್ನು ಒರೆಸಿ ಮುಗಿಸಿದ ಮೇಲೆ ಅವಳು ಸೀಮೆಸುಣ್ಣ ಹಿಡಿದು ಅಂಗಳದ ಒಂದು ಹಳದಿ ವೃತ್ತದಲ್ಲಿ ಕೂರುವಳು. ನಾನು ಎದುರಿನ ವೃತ್ತದಲ್ಲಿ ನಿಂತು ಗಾಳಿಯಲ್ಲಿ ಬೆರಳಾಡಿಸುತ್ತಾ ಮಾಸ್ಕಿನೊಳಗಿಂದ ಕೂಗುವೆನು. ಮೂರು ದಿನವಾದರೂ ಅವಳ ಅಕ್ಷರಗಳೆಲ್ಲ ತಿರುಗುಮುರುಗು. ಎಡಕ್ಕಿರಬೇಕಾದ್ದು ಬಲಕ್ಕೆ. "ತಲೆಗೆ ಹೋಗುತ್ತೇನಮ್ಮ ನಿನಗೆ?" ಎಂದು ಗದರಿದೆ. ಅವಳು ತಲೆ ತಗ್ಗಿಸಿ ಸೆರಗಿನಲ್ಲಿ ಅಳಿಸಿದಳು.

ನಾಲ್ಕನೆಯ ದಿನ ಹೊಳೆಯಿತು. ಎದುರು ಬದುರು ನಿಂತರೆ ನನ್ನ ಎಡ ಅವಳಿಗೆ ಬಲ. ನಾನು ತೋರಿಸಿದ್ದನ್ನು ಅವಳು ಒಂದಿಷ್ಟೂ ತಪ್ಪದೆ ಬರೆದಿದ್ದಳು. ಅವಳಿಗೆ ಅದನ್ನು ಹೇಳಲಿಲ್ಲ, ಮೇಷ್ಟ್ರ ಮರ್ಯಾದೆ ಪ್ರಶ್ನೆ. ಸುಮ್ಮನೆ ಅವಳಿಗೆ ಬೆನ್ನು ಮಾಡಿ ನಿಂತು ಗಾಳಿಯಲ್ಲಿ ಬರೆಯತೊಡಗಿದೆ. ಅತ್ತ ಹೋಗುತ್ತಿದ್ದ ಪಿ.ಟಿ. ಮೇಷ್ಟ್ರು ನಿಂತು ನೋಡಿ, "ಉಸಾರಾಗಿದೀರಾ ಸಾ?" ಎಂದು ವಿಚಾರಿಸಿದರು.

ಆ ಶನಿವಾರ ಬಂತು. ಅಂಗಳದ ತುಂಬ ಪೋಷಕರು, ಜೊತೆಗೆ ಮಕ್ಕಳು. ಎಂಟು ತಿಂಗಳಲ್ಲಿ ಮಕ್ಕಳು ಉದ್ದವಾಗಿ ಎಲ್ಲರ ಯೂನಿಫಾರ್ಮಿನ ತೋಳೂ ಮೊಣಕೈಗೆ ಬಂದಿತ್ತು. ನಾನು ಮೇಜು ಹಾಕಿಕೊಂಡು ಕೂತು ಸಹಿ ತೆಗೆದುಕೊಳ್ಳುತ್ತಿದ್ದೆ. ಹೊಳೆನರಸೀಪುರದ ಕಡೆಯ ಒಬ್ಬ ತಾತ ಮೊಮ್ಮಗನನ್ನು ಕರೆದುಕೊಂಡು ಎರಡು ಬಸ್ಸು ಹತ್ತಿಳಿದು ಬಂದಿದ್ದ. ನೋಟೀಸು ತೋರಿಸಿದೆ. ಅವನು ಅದನ್ನೂ ನೋಡಿದ, ತನ್ನ ಹೆಬ್ಬೆಟ್ಟನ್ನೂ ನೋಡಿಕೊಂಡ. "ಬ್ಯಾಂಕ್ನೋರೇ ತಕ್ಕತಾರಲ್ಲ ಸಾಮಿ ಇದ್ನ," ಎಂದ.

ಸಿಸ್ಟರ್ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಒಳಗೆ ಹೋಗಿ ಬೀರು ತೆಗೆದು ಪ್ಯಾಡು ತಂದು ಮೇಜಿನ ಮೇಲಿಟ್ಟರು, ಪಕ್ಕದಲ್ಲಿ ಸ್ಯಾನಿಟೈಸರ್ ಇಟ್ಟರು. "ಮೊದಲೂ ಆಮೇಲೂ ಕೈಗೆ ಹಾಕಿದ್ರಾಯ್ತಲ್ಲ ಸರ್. ಇದು ಎಂತ ದೊಡ್ಡ ಸಂಗತಿ?" ನನ್ನ ಮಹಾ ಸಂಶೋಧನೆ ಅರ್ಧ ನಿಮಿಷದಲ್ಲಿ ಮುಗಿಯಿತು. ತಾತ ಒತ್ತಿದ. ಅವನ ಹಿಂದೆ ಇನ್ನೂ ಐದಾರು ಜನ ಒತ್ತಿದರು. ಅಷ್ಟರಲ್ಲಿ ಮಗಳ ಜೊತೆ ಸಾಲಿನಲ್ಲಿ ಆಯಮ್ಮನ ಸರದಿಯೂ ಬಂತು.

"ನೀನೂ ಬೇಗ ಒತ್ತಿ ಹೋಗು ಆಯಮ್ಮ, ಒಳಗೆ ಕೆಲಸ ಉಂಟು," ಎಂದರು ಸಿಸ್ಟರ್.

"ಬ್ಯಾಡಿ ಸಿಸ್ಟರ್. ನಾನ್ ಬರೀತೀನಿ."

ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡಳು. ಬೆಳಗಿನಿಂದ ಐವತ್ತು ಅರವತ್ತು ಕೈ ದಾಟಿ ಬಂದ ಪೆನ್ನು ಅದು. ಎಲ್ಲರ ಬೆರಳು ತಾಗುವ ಪ್ಯಾಡಿಗೆ ಬೀಗ ಹಾಕಿಸಿದ ನಾನು, ಎಲ್ಲರ ಬೆರಳೂ ತಾಗುವ ಆ ಪೆನ್ನನ್ನು ಒಂದು ಸಲವೂ ಒರೆಸಿರಲಿಲ್ಲ. ಓದಿದವರ ಕೈಗೆ ರೋಗ ಅಂಟುವುದಿಲ್ಲ ಎಂದು ನನಗೆ ಯಾರು ಹೇಳಿದ್ದರೋ.

ಅವಳು ಬಗ್ಗಿ ಬರೆದಳು. ಹಿಂದಿನ ವೃತ್ತಗಳಲ್ಲಿದ್ದವರು ಕಾದರು. ಎರಡನೆಯ ಅಕ್ಷರ ಗೆರೆ ಬಿಟ್ಟು ಕೆಳಗಿಳಿಯಿತು, ಮೂರನೆಯದು ಮತ್ತೆ ಮೇಲೆ ಬಂತು. ಮಗಳು ಪಕ್ಕದಲ್ಲಿ ನಿಂತು ತಾಯಿಯ ಕೈಯನ್ನೇ ನೋಡುತ್ತಿದ್ದಳು. ನಗಲಿಲ್ಲ. ಶಾಲೆ ತೆರೆಯುವ ಸೋಮವಾರದ ಪಟ್ಟಿಯಲ್ಲಿ ಆ ಹುಡುಗಿಯ ಹೆಸರು ನಾನೇ ಬರೆದುಕೊಂಡೆ.

ಆಯಮ್ಮ ಪೆನ್ನು ಕೆಳಗಿಟ್ಟು, ತಾನು ಬರೆದದ್ದನ್ನು ಇನ್ನೊಮ್ಮೆ ನೋಡಿ, ನನ್ನ ಕಡೆ ತಿರುಗಿದಳು.

"ಇಷ್ಟೇಯಾ ಸಾ ಇದು? ಅನ್ನೊಂದ್ ದಿನದ್ ಕೆಲ್ಸ?"

"ಹೂಂ," ಎಂದೆ.

"ನಾನಿಲ್ಲಿಗ್ ಬಂದು ಇಪ್ಪತ್ ವರ್ಸ ಆಯ್ತಲ್ಲ ಸಾ."

ಎಲ್ಲದಕ್ಕೂ ಒಂದು ಕೊಂಕು ಮಾತು ಇಟ್ಟುಕೊಂಡಿರುವವನು ನಾನು. ಅವಳ ಮಾತಿನಲ್ಲಿ ಸಿಟ್ಟಿದ್ದಿದ್ದರೆ ಏನಾದರೂ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಅವಳು ನಿಜವಾಗಿ ಕೇಳಿದ್ದಳು, ಉತ್ತರಕ್ಕೆ ಕಾದು ನಿಂತಿದ್ದಳು.