ಮೂವತ್ತು ಗುಂಟೆ ಹೆಚ್ಚಿಗೆ ಇದ್ದವನು

ಗೆನೆಕ್‌ನ ಬಲಗಾಲಿನ ಖ್ಯಾತಿ ನಮ್ಮ ಗ್ರೊಬ್ಲಾ ಊರನ್ನು ದಾಟಿ ಎಷ್ಟೋ ವರ್ಷವಾಯಿತು. ಅವನು ಕೂತರೆ ಸಾಕು, ಅದು ತಾನಾಗಿ ಕುಣಿಯುತ್ತದೆ. ಚರ್ಚಿನ ಬೆಂಚಿನ ಈ ತುದಿಯಲ್ಲಿ ಅವನಿದ್ದರೆ ಆ ತುದಿಯ ಮುದುಕಿಯರು ಜಪಮಣಿ ಎಣಿಸಬೇಕಿಲ್ಲ, ಮಣಿಗಳೇ ಸರಿಯುತ್ತವೆ. ಅವನ ಮದುವೆಯಲ್ಲಿ ಬೀಟ್‌ರೂಟ್ ಸೂಪಿನ ಅಲೆ ಮೂರು ಮೇಜಿನಾಚೆಯ ಬೀಗರ ಬಿಳಿ ಅಂಗಿಗೆ ಅಪ್ಪಳಿಸಿತ್ತು. ಭೂಕಂಪ ಅಳೆಯುವವರು ವಾರ್ಸಾದಿಂದ ಬಂದಿದ್ದರು ಅನ್ನುವವರೂ ಇದ್ದಾರೆ, ನಾನು ಅಲ್ಲಗಳೆಯುವುದಿಲ್ಲ.

ಇಂಥ ಕಾಲಿಗೆ ಕೆಲಸವಿಲ್ಲದಂತಾದದ್ದು ಎರಡು ಸಾವಿರದ ಎರಡರ ಚಳಿಗಾಲದಲ್ಲಿ. ಬ್ಯಾವಿಸ್ತೋಕ್ ಪಟ್ಟಣದ ಬಟ್ಟೆ ಗಿರಣಿಯೊಂದು ಒಂದೇ ದಿನ ಅವನನ್ನೂ ಅವನ ಹೆಂಡತಿಯ ತಮ್ಮ ರೋಮೆಕ್‌ನನ್ನೂ ಮನೆಗೆ ಕಳಿಸಿತು. ರೋಮೆಕ್ ಪಟ್ಟಣದವನು, ನಾಲ್ಕನೇ ಮಹಡಿಯ ಎರಡು ಕೋಣೆ ಬಿಟ್ಟರೆ ಅಂಗೈಯಗಲ ನೆಲವಿಲ್ಲ. ಮರುದಿನವೇ ಉದ್ಯೋಗ ಕಚೇರಿಯಲ್ಲಿ ನಿರುದ್ಯೋಗಿ ಎಂದು ಹೆಸರು ಬರೆಸಿ ಬಂದ. ಗೆನೆಕ್‌ನ ಕಾಗದ ನೋಡಿದ ಕಿಟಕಿಯ ಹೆಂಗಸು ಮಾತ್ರ ಆಗದೆಂದು ತಲೆಯಾಡಿಸಿದಳು.

"ನಿಮ್ಮ ಹೆಸರಲ್ಲಿ ಎರಡು ಹೆಕ್ಟೇರ್ ಮೂವತ್ತು ಗುಂಟೆ ಇದೆಯಲ್ರೀ. ಎರಡು ಹೆಕ್ಟೇರ್ ದಾಟಿದ್ರೆ ರೈತರು. ರೈತರಿಗೆ ಕೆಲಸ ಇಲ್ಲ ಅನ್ನೋದೇ ಇಲ್ಲ."

"ಮೇಡಂ, ಅದು ಜವುಗು. ಅಲ್ಲಿ ಬೆಳೆಯೋದು ಕಪ್ಪೆ."

"ಹಾಗಾದ್ರೆ ಕಪ್ಪೆ ರೈತರು. ಮುಂದಿನವರು ಬನ್ನಿ!"

ಪಟ್ಟಣಕ್ಕಿಂತ ಹಳ್ಳಿಗಳಲ್ಲಿ ನಿರುದ್ಯೋಗ ಕಡಿಮೆ ಎಂದು ಅದೇ ವಾರ ಪತ್ರಿಕೆ ಬರೆಯಿತು. ಮಂಗಳವಾರ ಬೆಳಗ್ಗೆ ಹತ್ತು ಗಂಟೆಗೆ ಅಂಗಡಿ ಮುಂದಿನ ಕಟ್ಟೆಯ ಮೇಲೆ, ಬಿಯರ್ ಹಿಡಿದು, ಹನ್ನೊಂದು ಗಂಡಸರು ಅದನ್ನು ಹೆಮ್ಮೆಯಿಂದ ಓದಿಕೊಂಡೆವು.

ವಸಂತ ಬಂತು, ಹೆದ್ದಾರಿ ಕಟ್ಟುವ ಕೆಲಸವೂ ಬಂತು. ಮಣ್ಣು ಅಗೆಯುವ ಯಂತ್ರ ನಡೆಸಲು ತರಬೇತಿ, ಪಾಸಾದವರಿಗೆ ನೇರ ಕೆಲಸ. ಆದರೆ ಹೆಸರು ಬರೆಸಿದ ನಿರುದ್ಯೋಗಿಗಳಿಗೆ ಮಾತ್ರ. ಸೋಮವಾರ ಶುರು, ಉಳಿದದ್ದು ಒಂದೇ ಜಾಗ, ಶುಕ್ರವಾರ ಮೂರು ಗಂಟೆಯವರೆಗೆ ಗಡುವು. ಗೆನೆಕ್ ಮೂವತ್ತು ಗುಂಟೆಯನ್ನು ದಾನ ಮಾಡಲು ದಂಡಯಾತ್ರೆ ಹೊರಟ.

ಪಕ್ಕದ ಮನೆಯ ವಿತೋಲ್ಡ್ ಪ್ಲೇಗು ಕಂಡವನಂತೆ ಹಿಂದೆ ಸರಿದ. "ಅಯ್ಯೋ ಮಾರಾಯ, ನಂದು ಒಂದು ಹೆಕ್ಟೇರ್ ತೊಂಬತ್ತೈದು ಗುಂಟೆ, ಎರಡಕ್ಕೆ ಐದೇ ಗುಂಟೆ ಕಮ್ಮಿ! ನಿನ್ನ ಜವುಗು ಸೇರಿದ್ರೆ ನಾನೂ ರೈತನಾಗಿ ಹಾಳಾಗ್ತೀನಿ!"

ಕಟ್ಟೆಯಲ್ಲಿ ಎರಡು ಹೆಕ್ಟೇರಿನೊಳಗಿದ್ದವರದೆಲ್ಲ ಇದೇ ಕಥೆ. ದೊಡ್ಡ ಹೊಲದವರು ಜವುಗು ಎಂದೊಡನೆ ಬಾಗಿಲು ಹಾಕಿಕೊಂಡರು. ಪಾದ್ರಿಗಳು ಆಶೀರ್ವದಿಸಿ, "ಚರ್ಚಿಗೆ ಆಗಲೇ ಎರಡು ಜವುಗು ಇವೆ, ಮಗನೇ" ಎಂದರು.

ಗುರುವಾರ ಹೆಂಡತಿ ಬೊಝೆನಾ ಸೌಟು ಕೆಳಗಿಟ್ಟಳು. "ನನ್ನ ತಮ್ಮನ ಹತ್ರ ಒಂದು ಹೂಕುಂಡಾನೂ ಇಲ್ಲ. ಅವನಿಗೆ ಕೊಡ್ರೀ."

"ಅಪ್ಪನ ನೆಲ ಕಣೇ! ಆಲೂಗಡ್ಡೆ ಮರದಲ್ಲಿ ಬಿಡುತ್ತೆ ಅಂದ್ಕೊಂಡವನಿಗಾ?"

"ಇಪ್ಪತ್ತು ವರ್ಷದಿಂದ ನೀವು ಬೆಳೆದದ್ದೇನು, ಹೇಳಿ ನೋಡೋಣ."

ಗೆನೆಕ್ ಒಲೆಗೆ ಒಂಬತ್ತು ಸುತ್ತು ಹಾಕಿದ. ಶುಕ್ರವಾರ ಬೆಳಗ್ಗೆ ಪಟ್ಟಣದ ಬಸ್ಸಿನಲ್ಲಿ ಅರ್ಧಕ್ಕರ್ಧ ಸೀಟು ಖಾಲಿಯಿದ್ದರೂ ದಾರಿಯುದ್ದಕ್ಕೂ ನಿಂತೇ ಹೋದ.

"ಓಹೋ, ಜಮೀನ್ದಾರ ಭಾವ!" ರೋಮೆಕ್ ಬಾಗಿಲಲ್ಲೇ ನಡು ಬಗ್ಗಿಸಿದ. ವಿಷಯ ಕೇಳಿ, "ಕಪ್ಪೆ ಸಮೇತಾನಾ?" ಎಂದ.

"ಸಮೇತ."

"ಮೀನು ಹಿಡಿಯೋಕಾಗುತ್ತಾ?"

"ಮುಳುಗೋಕೂ ಆಗುತ್ತೆ. ಕೋಟು ಹಾಕ್ಕೊಳೋ, ನೋಟರಿ ಕಾಯ್ತಿದಾನೆ!"

ಮೂರಕ್ಕೆ ಹತ್ತು ನಿಮಿಷವಿರುವಾಗ ದಾನಪತ್ರ ಹಿಡಿದು ಗೆನೆಕ್ ಉದ್ಯೋಗ ಕಚೇರಿಯ ಕಿಟಕಿ ತಲುಪಿದ. ಅದೇ ಹೆಂಗಸು ಎರಡು ಸಲ ಓದಿದಳು, ಮೊಹರು ಒತ್ತಿದಳು. ಆ ಕೊನೆಯ ಜಾಗ ಅವನದಾಯಿತು.

ಸಂಜೆ ಬಸ್ಸಿಳಿದಾಗ ಕಟ್ಟೆಯವರೆಲ್ಲ ಗೆದ್ದು ಬಂದ ದಂಡನಾಯಕನನ್ನು ಎದುರುಗೊಳ್ಳುವಂತೆ ಎದ್ದು ನಿಂತೆವು. ವಿತೋಲ್ಡ್ ಟೋಪಿ ತೆಗೆದ. ನಾನೇ ಎಲ್ಲರ ಪರವಾಗಿ ಕೇಳಿದೆ: "ಹೇಳಪ್ಪಾ ಗೆನೆಕ್, ಕೊನೆಗೂ ನಿರುದ್ಯೋಗಿ ಆದೆ. ಹೇಗನ್ನಿಸ್ತಿದೆ?"

"ಮೊದಲು ಹೇಗಿದ್ದೆನೋ ಹಾಗೇ. ಸೋಮವಾರ ಮೊದಲನೇ ಬಸ್ಸು ಎಷ್ಟೊತ್ತಿಗೆ?"