ಬಡಾಖಾನಾದಲ್ಲಿ ನನ್ನ ಕುರ್ಚಿ

ಆ ಭಾನುವಾರ ಬೆಳಗ್ಗೆ ಉಣಕಲ್ಲಿನ ನಮ್ಮ ಮನೆಯಲ್ಲಿ ನಾನು ತೊಟ್ಟ ಅಂಗಿ ಬಿಚ್ಚಿ ಮತ್ತೊಂದು ತೊಡುತ್ತಲೇ ಇದ್ದೆ. ಅವನು ಒಂದೇ ಅಂಗಿಗೆ ಇಸ್ತ್ರಿ ಮಾಡಿ, ತೊಟ್ಟು, ಬೂಟಿಗೆ ಬ್ರಷ್ ಎಳೆಯುತ್ತ ಕೂತಿದ್ದ.

ಅವನು ಸೇನೆಯಿಂದ ಹವಾಲ್ದಾರನಾಗಿ ನಿವೃತ್ತನಾದವನು. ನಾನು ಪತ್ರಿಕೆಯ ವರದಿಗಾರನಾಗಿದ್ದವನು. ನಾವಿಬ್ಬರೂ ಬಾಳಸಂಗಾತಿಗಳು. ಸಮವಸ್ತ್ರದಲ್ಲಿದ್ದಷ್ಟು ಕಾಲ ಅವನು ಅದನ್ನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ನೌಕರಿಗೇ ಸಂಚಕಾರ. ಊರಿಗೆ ಬಂದ ಮೇಲೆ ಓಣಿಯವರಿಂದಾಗಲಿ ನನ್ನ ಅಕ್ಕನಿಂದಾಗಲಿ ಏನನ್ನೂ ಮುಚ್ಚಿಡಲಿಲ್ಲ. ಹೇಳದೆ ಉಳಿದದ್ದು ಒಂದೇ ಕಡೆ: ಅವನ ಮಾಜಿ ಸೈನಿಕರ ಸಂಘದಲ್ಲಿ.

ಅಂದು ವಿದ್ಯಾನಗರದ ಕಲ್ಯಾಣ ಮಂಟಪದಲ್ಲಿ ಆ ಸಂಘದ ಬಡಾಖಾನಾ. ಸೇನೆಯ ಪದ್ಧತಿಯಂತೆ ಈ ಊಟದಲ್ಲಿ ಮೇಲಿನ ಹುದ್ದೆಯವರು ನಿಂತು ಬಡಿಸುತ್ತಾರೆ, ಕೆಳಗಿನ ಹುದ್ದೆಯವರು ಕೂತು ಉಣ್ಣುತ್ತಾರೆ. ಸಂಘ ತನ್ನದೊಂದು ರೂಢಿಯನ್ನೂ ಸೇರಿಸಿಕೊಂಡಿದೆ. ಊಟಕ್ಕೆ ಮೊದಲು ಪ್ರತಿಯೊಬ್ಬನೂ ಎದ್ದು ತನ್ನ ಹುದ್ದೆ, ಸೇವೆ ಸಲ್ಲಿಸಿದ ಪಲ್ಟನ್, ಜೊತೆಗೆ ಬಂದ ಮನೆಯವರು ಯಾರೆಂದು ಹೇಳಬೇಕು. ಬಡಿಸುವಾಗ ಮನೆಯವರ ತಟ್ಟೆಗೆ ಮೊದಲು, ಸೈನಿಕನ ತಟ್ಟೆಗೆ ಆಮೇಲೆ. ಪ್ರತಿ ವರ್ಷವೂ ಅವನ ಪಕ್ಕದ ಕುರ್ಚಿ ಖಾಲಿ ಇರುತ್ತಿತ್ತು. ಈ ಸಲ ನಾನು ಅಲ್ಲಿ ಕೂರಬೇಕೆಂದು ಅವನು ಹೇಳಿದ್ದ.

ಹಿಂದಿನ ದಿನ ಸಂಘದ ಅಧ್ಯಕ್ಷರು ಅವನಿಗೆ ಫೋನ್ ಮಾಡಿದ್ದರು. ಅವರು ನಿವೃತ್ತ ಸುಬೇದಾರರು. ಈ ಸಲ ಯಾರನ್ನು ಕರೆತರುತ್ತೇನೆಂದು ಅವನು ಅವರೊಬ್ಬರಿಗೆ ಮೊದಲೇ ತಿಳಿಸಿದ್ದ.

"ಕರಕೊಂಡ್ ಬಾರಪಾ, ಬ್ಯಾಡ ಅನ್ನಂಗಿಲ್ಲ. ಆದ್ರ ಎದ್ದು ನಿಂತಾಗ ಗೆಳೆಯಾ ಅಂದ್ಬಿಡು. ಹೆಣ್ಮಕ್ಕಳು ಇರ್ತಾರ."

"ಹೆಣ್ಮಕ್ಕಳೇನು ಬಾಂಬ್ ಹಾಕ್ತಾರನ್ರಿ, ಸಾಬ್?"

"ಚಾಷ್ಟಿ ಬ್ಯಾಡ."

"ನೋಡೋಣ್ರಿ."

ಏನು ಹೇಳುತ್ತೀ ಎಂದು ನಾನು ಕೇಳಿದೆ. "ಸುದ್ದಿ ಆಗೂದಕ್ಕಿಂತ ಮೊದಲ ಹೆಡ್‌ಲೈನ್ ಬರೀಬ್ಯಾಡ," ಅಂದ.

ಮಂಟಪದ ಮುಂದೆ ನನ್ನನ್ನು ಇಳಿಸಿ ಅವನು ಸ್ಕೂಟರ್ ನಿಲ್ಲಿಸಲು ಹೋದ. ಬಾಗಿಲಲ್ಲಿದ್ದ ಕಾರ್ಯಕರ್ತ ನನ್ನ ಗುರುತು ಹಿಡಿದ. ಇದೇ ಸಂಘದ ಕಾರ್ಯಕ್ರಮಗಳನ್ನು ವರ್ಷಗಟ್ಟಲೆ ವರದಿ ಮಾಡಿದ್ದೆನಲ್ಲ.

"ಬರ್ರಿ ಸರ್ ಬರ್ರಿ! ರಿಟೈರ್ ಆದ್ರೂ ನಮ್ಮನ್ನ ಬಿಡಂಗಿಲ್ಲ ನೋಡ್ರಿ ನೀವು. ಪ್ರೆಸ್‌ನವರಿಗೆ ಮುಂದ ಹಾಕೇವಿ."

ನಾನು ತಿದ್ದಲಿಲ್ಲ. ಹೋಗಿ ಕೂತೆ. ಮುಂಭಾಗದಲ್ಲೇ, ಗೋಡೆ ಬದಿಯ ಕುರ್ಚಿ. ಅಲ್ಲಿಂದ ಎಲ್ಲರೂ ಕಾಣುತ್ತಾರೆ, ಅಲ್ಲಿ ಕೂತವನನ್ನು ಯಾರೂ ನೋಡುವುದಿಲ್ಲ. ಅವನು ಒಳಬಂದು ನನ್ನನ್ನು ಹುಡುಕಿದ, ಕಂಡ. ತನ್ನ ಸಾಲಿಗೆ ಹೋಗಿ ಪಕ್ಕದ ಕುರ್ಚಿಯ ಮೇಲೆ ಕರವಸ್ತ್ರ ಹಾಕಿದ.

ಪರಿಚಯ ಶುರುವಾಯಿತು. ನಾಯಕ್ ಹುದ್ದೆಯಿಂದ ನಿವೃತ್ತನಾದ ಒಬ್ಬ ತನ್ನ ಹೆಂಡತಿಯನ್ನು "ನಮ್ಮ ಕಮಾಂಡಿಂಗ್ ಆಫೀಸರ್" ಎಂದ, ಸಭೆ ನಕ್ಕಿತು. ಸರದಿ ಸಾಲಿನಲ್ಲಿ ಮುಂದೆ ಸರಿದಂತೆಲ್ಲ ನಾನು ಪೆನ್ನಿನ ಕ್ಯಾಪು ತೆಗೆದೆ, ಹಾಕಿದೆ, ಮತ್ತೆ ತೆಗೆದೆ. ವರದಿಗಾರ ಫೋಟೋದೊಳಗೆ ಬರಬಾರದು ಎಂಬುದು ನಾನು ಕಲಿತ ಮೊದಲ ಪಾಠ. ಆ ಕರವಸ್ತ್ರದ ಮೇಲಿಂದ ಕಣ್ಣು ಕೀಳಲು ಆಗಲಿಲ್ಲ. ಎದ್ದೆ. ಕುರ್ಚಿ ಕರ್ರೆಂದಿತು.

"ಸರ್, ಆ ಸಾಲು ಫ್ಯಾಮಿಲಿದವರದ್ರಿ!" ಕಾರ್ಯಕರ್ತ ಕೂಗಿದ.

"ಗೊತ್ತೈತಿ," ಎಂದು ನಡೆದೆ.

ಅವನು ಕರವಸ್ತ್ರ ತೆಗೆದುಕೊಂಡ. ಸರದಿ ಬಂದಾಗ ಎದ್ದು ಹುದ್ದೆ, ಪಲ್ಟನ್ ಹೇಳಿದ. ಆಮೇಲೆ, ಅದೇ ದನಿಯಲ್ಲಿ, "ಇವರು ನನ್ನ ಸಂಗಾತಿ. ನಮ್ಮಿಬ್ಬರದೂ ಒಂದ ಮನಿ," ಅಂದ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಎದುರಿನ ಇಬ್ಬರು ಎದ್ದು ಮಟನ್ ಸಾಲಿನಿಂದ ಶಾಕಾಹಾರಿ ಸಾಲಿಗೆ ಹೋದರು. ಅಲ್ಲೇ ಉಳಿದ ಆ ನಾಯಕ್‌ನ ಹೆಂಡತಿ ನನ್ನತ್ತ ಬಾಗಿದಳು.

"ಅಣ್ಣಾರ, ಮನ್ಯಾಗ ಅಡಗಿ ಯಾರದ್ರಿ?"

"ಇವನದ್ರಿ."

"ರೊಟ್ಟಿ?"

"ಅದೂ ಇವನದ."

"ಮತ್ತ ನೀವೇನ್ ಮಾಡ್ತೀರಿ?"

"ತಪ್ಪು ಹುಡುಕ್ತಾರ," ಎಂದು ಅವನೇ ಉತ್ತರಿಸಿದ.

ಅವಳು ಗಂಡನಿಗೆ ಮೊಣಕೈಯಿಂದ ತಿವಿದು, "ಕೇಳಿದ್ರಿಲ್ಲೋ? ಎಲ್ಲಾ ಮನ್ಯಾಗೂ ಒಬ್ಬರು ಇರ್ತಾರ," ಅಂದಳು.

ಮಟನ್ ಬಕೀಟು ಹಿಡಿದು ಸುಬೇದಾರರು ನಮ್ಮ ಮೇಜಿಗೆ ಬಂದರು. ಸೌಟು ನಮ್ಮಿಬ್ಬರ ತಟ್ಟೆಗಳ ನಡುವೆ ನಿಂತಿತು. ರೂಢಿಬಲದಿಂದ ಹವಾಲ್ದಾರ ಅರ್ಧ ಎದ್ದಿದ್ದ.

"ಹೇಳಬ್ಯಾಡ ಅಂದಿದ್ನೆಲ್ಲೋ."

"ಹೌದ್ರಿ, ಸಾಬ್."

"ಕುಂದರು. ಬಡಾಖಾನಾದಾಗ ನಿಂದರೂದು ನನ್ನ ಕೆಲಸ."

ಅವರು ನನ್ನ ಮುಖ ನೋಡಲಿಲ್ಲ. ಸೌಟನ್ನು ನನ್ನ ತಟ್ಟೆಗೆ ಬಗ್ಗಿಸಿದರು. ಆಮೇಲೆ ಅವನದಕ್ಕೆ. "ಅನ್ನ ಹಿಂದ ಬರಾಕತ್ತೈತಿ," ಎಂದು ಮುಂದೆ ಹೋದರು.

ಅವನು ತಟ್ಟೆ ಮುಟ್ಟಲಿಲ್ಲ. ಮೇಜಿನ ಕೆಳಗೆ ಆ ಕರವಸ್ತ್ರವನ್ನು ಮಡಚಿ, ಬಿಚ್ಚಿ, ಮತ್ತೆ ಮಡಚುತ್ತಿದ್ದ. ಬೆಳಗಿನಿಂದ ಚಡಪಡಿಸುತ್ತಿರುವವನು ನಾನೊಬ್ಬನೇ ಎಂದುಕೊಂಡಿದ್ದೆ.

"ಉಣ್ಣು," ಅಂದೆ. "ಆರ್ತೈತಿ."